ಮೂರು ಬುರುಡೆ, ಆರಿದ ಮೇಣದಬತ್ತಿ: ಮ್ಯೂಸಿಯಂನ ಒಂದು ಚಿತ್ರವನ್ನು ಹಂತ ಹಂತವಾಗಿ ನೋಡುವುದು ಹೇಗೆ?

ಮ್ಯೂಸಿಯಂನಲ್ಲಿ ಒಂದು ಮೂಲೆಯಲ್ಲಿ ನಿಂತು ಜನರನ್ನು ಗಮನಿಸಿ. ಚಿತ್ರದ ಮುಂದೆ ಬರುತ್ತಾರೆ, ಒಮ್ಮೆ ಕಣ್ಣು ಹಾಯಿಸುತ್ತಾರೆ, ಪಕ್ಕದ ಲೇಬಲ್ ಓದುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಲೇಬಲ್ ಓದುವುದಕ್ಕೆ ಕೊಟ್ಟಷ್ಟು ಹೊತ್ತೂ ಚಿತ್ರಕ್ಕೆ ಸಿಗುವುದಿಲ್ಲ. ಸ್ಟಿಲ್ ಲೈಫ್ ಚಿತ್ರಗಳ ಪಾಡಂತೂ ಕೇಳಲೇಬೇಡಿ. ಅಲ್ಲಿ ರಾಜರಿಲ್ಲ, ಯುದ್ಧವಿಲ್ಲ, ಮುಖವಿಲ್ಲ. ಮೇಜಿನ ಮೇಲೆ ನಾಲ್ಕು ಸಾಮಾನು, ಅಷ್ಟೇ. ನಮ್ಮಲ್ಲಿ ಡ್ರಾಯಿಂಗ್ ಪರೀಕ್ಷೆ ಕಟ್ಟಿದವರಿಗೆ ಅದನ್ನು ನೋಡಿದರೆ ಕೊಡ, ಬಟ್ಟೆ, ಎರಡು ಹಣ್ಣು ಇಟ್ಟು ಬರೆಸಿದ್ದು ನೆನಪಾಗುತ್ತದೆ. ಅದರಲ್ಲಿ ನೋಡುವಂಥದ್ದೇನಿದೆ ಅನ್ನಿಸುವುದು ಸಹಜ.

ಅದಕ್ಕೇ ಈ ಮಾರ್ಗದರ್ಶಿಗೆ ಒಂದೇ ಒಂದು ಸ್ಟಿಲ್ ಲೈಫ್ ಆರಿಸಿಕೊಂಡಿದ್ದೇನೆ. ಜರ್ಮನ್ ಕಲಾವಿದ ಮ್ಯಾಕ್ಸ್ ಬೆಕ್‌ಮನ್ 1945ರಲ್ಲಿ ಬರೆದ ‘ಮೂರು ತಲೆಬುರುಡೆಗಳಿರುವ ಸ್ಟಿಲ್ ಲೈಫ್’. ಅಮೆರಿಕದ ಬೋಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಸಂಗ್ರಹದಲ್ಲಿದೆ. ಇದನ್ನು ನೋಡಲು ಬೋಸ್ಟನ್ನಿಗೆ ಹೋಗಬೇಕಿಲ್ಲ. ಲ್ಯಾಪ್‌ಟಾಪ್, ಒಂದು ಹಾಳೆ, ಪೆನ್ನು, ಅಳತೆ ಟೇಪು, ಹಳೆಯ ದಿನಪತ್ರಿಕೆ ಇದ್ದರೆ ಮನೆಯಲ್ಲೇ ಆರಾಮಾಗಿ ನೋಡಬಹುದು.

ಒಂದೇ ಷರತ್ತು. ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಇತಿಹಾಸ ಕೊನೆಗೆ ಬರಲಿ. ಮೊದಲೇ ಕಥೆ ಗೊತ್ತಾದರೆ ಕಣ್ಣು ಕೆಲಸ ನಿಲ್ಲಿಸಿಬಿಡುತ್ತದೆ. ಕಥೆಗೆ ಎಷ್ಟು ಬೇಕೋ ಅಷ್ಟು ಮಾತ್ರ ಕಾಣಿಸುತ್ತದೆ.

1. ಚಿತ್ರ ಹುಡುಕುವುದು

ಮ್ಯೂಸಿಯಂನ ಜಾಲತಾಣದಲ್ಲಿ ‘ಕಲೆಕ್ಷನ್ಸ್’ ಅನ್ನುವ ಭಾಗಕ್ಕೆ ಹೋಗಿ, ಕಲಾವಿದನ ಹೆಸರು ಮತ್ತು ಚಿತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟು ಹುಡುಕಿ. ಕನ್ನಡದಲ್ಲಿ ಹೊಡೆದರೆ ಏನೂ ಸಿಗದು. ಜರ್ಮನಿಯ ಮ್ಯೂಸಿಯಂಗಳಲ್ಲಿ ಹುಡುಕುವಾಗ ಒಂದು ಚಿಕ್ಕ ತೊಡಕಿದೆ. ಸ್ಟಿಲ್ ಲೈಫ್‌ಗೆ ಜರ್ಮನ್ನರು ಹೇಳುವ ‘ಸ್ಟಿಲ್‌ಲೇಬೆನ್’ ಪದದಲ್ಲಿ ಹಿಂದೆ ಎರಡು ಎಲ್ ಬರೆಯುತ್ತಿದ್ದರು. 1996ರ ಕಾಗುಣಿತ ಸುಧಾರಣೆಯ ನಂತರ ಮೂರು ಎಲ್ ಬಂತು. ಹಳೆಯ ಕ್ಯಾಟಲಾಗಿನಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಎರಡನ್ನೂ ಕೊಟ್ಟು ನೋಡಿ.

ಗೂಗಲ್ ಇಮೇಜಸ್‌ನಲ್ಲಿ ಸಿಗುವ ಮೊದಲ ಚಿತ್ರವನ್ನೇ ನಂಬಬೇಡಿ. ಯಾರೋ ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು, ಅಂಚು ಕತ್ತರಿಸಿದ್ದು, ಬಣ್ಣ ಏರಿಸಿದ್ದು ಎಲ್ಲವೂ ಅಲ್ಲಿ ಸಾಲಾಗಿ ಬರುತ್ತವೆ. ನಾಲ್ಕೈದನ್ನು ಪಕ್ಕಪಕ್ಕ ಇಟ್ಟರೆ ನಾಲ್ಕೈದು ಬೇರೆ ಬೇರೆ ಚಿತ್ರಗಳಂತೆ ಕಾಣುತ್ತವೆ. ಮ್ಯೂಸಿಯಂನದೇ ಫೋಟೋ ತೆರೆಯಿರಿ. ತೆರೆಯುವ ಮುಂಚೆ ಲ್ಯಾಪ್‌ಟಾಪಿನ ನೈಟ್ ಲೈಟ್ ಆಫ್ ಮಾಡಿ. ಸಂಜೆಯಾಗುತ್ತಲೇ ಅದು ತಾನಾಗಿ ಆನ್ ಆಗಿ ಪರದೆಯನ್ನೆಲ್ಲ ಹಳದಿ ಮಾಡಿರುತ್ತದೆ. ಈ ಚಿತ್ರದಲ್ಲಿ ಮೂಳೆಯ ಬಿಳುಪು ಯಾವ ಬಗೆಯದು ಅನ್ನುವುದೇ ಮುಖ್ಯವಾಗಿರುವಾಗ ಅದೊಂದು ಹಳದಿ ಎಲ್ಲವನ್ನೂ ಕೆಡಿಸುತ್ತದೆ.

2. ಲೇಬಲ್ ಮುಚ್ಚಿ, ಐದು ನಿಮಿಷ ನೋಡಿ

ಪುಟವನ್ನು ಸರಿಸಿ, ಪರದೆಯ ಮೇಲೆ ಚಿತ್ರ ಮಾತ್ರ ಉಳಿಯುವಂತೆ ಮಾಡಿಕೊಳ್ಳಿ. ಫೋನಿನಲ್ಲಿ ಐದು ನಿಮಿಷದ ಟೈಮರ್ ಇಟ್ಟು, ಫೋನನ್ನು ಬೋರಲು ಹಾಕಿ. ಈಗ ಕಾಣಿಸಿದ್ದನ್ನೆಲ್ಲ ಹಾಳೆಯ ಮೇಲೆ ಬರೆಯುತ್ತಾ ಹೋಗಿ. ಅರ್ಥ ಬೇಡ, ಹೆಸರು ಸಾಕು. ಬುರುಡೆ, ಬುರುಡೆ, ಇನ್ನೊಂದು ಬುರುಡೆ. ಆರಿದ ಮೇಣದಬತ್ತಿ. ಇಸ್ಪೀಟ್ ಎಲೆಗಳು. ಇಷ್ಟು ಯಾರಿಗಾದರೂ ಮೊದಲ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಆಮೇಲೆ ಕಷ್ಟ ಶುರು. ಕೈ ಖಾಲಿಯಾಗುತ್ತದೆ, ಬೇಜಾರು ಬರುತ್ತದೆ. ಎದ್ದು ಹೋಗಬೇಡಿ, ಸುಮ್ನೆ ನೋಡುತ್ತಾ ಕೂತಿರಿ. ಈ ಬೇಜಾರಿನ ಆಚೆಗೇ ಚಿತ್ರ ತೆರೆದುಕೊಳ್ಳುವುದು.

ಕಣ್ಣಿಗೆ ಕೆಲಸ ಕೊಡಲು ಒಂದಿಷ್ಟು ಪ್ರಶ್ನೆಗಳು:

ಮೂರೂ ಬುರುಡೆಗಳು ಒಂದೇ ದಿಕ್ಕಿಗೆ ತಿರುಗಿವೆಯೇ? ನಿಮ್ಮ ಕಣ್ಣು ಮೊದಲು ಹೋಗಿದ್ದು ಯಾವುದರ ಮೇಲೆ? ಕಣ್ಣಿನ ಗುಳಿಗಳು ಖಾಲಿ ಕಪ್ಪೋ, ಒಳಗೆ ಏನಾದರೂ ಬಣ್ಣವಿದೆಯೋ? ಇಸ್ಪೀಟ್ ಎಲೆಗಳಲ್ಲಿ ಎಷ್ಟರ ಮುಖ ಕಾಣುತ್ತದೆ, ಯಾವ ಗುರುತು? ಸಾಮಾನುಗಳು ಯಾವುದರ ಮೇಲೆ ಇವೆ ಅಂತ ಖಚಿತವಾಗಿ ಹೇಳಬಲ್ಲಿರಾ? ಅವು ನೆಟ್ಟಗೆ ಕೂತಿವೆಯೋ, ನಿಮ್ಮ ಕಡೆ ಜಾರುವ ಹಾಗಿವೆಯೋ?

ಕೊನೆಗೆ ಒಂದು: ಬುರುಡೆಗಳು ನಗುತ್ತಿವೆಯಾ? ಬುರುಡೆ ಅಂದಮೇಲೆ ಹಲ್ಲು ಕಾಣುವುದು ಸಹಜ, ಅದನ್ನು ನಗು ಅನ್ನುವುದು ನಮ್ಮ ಮನಸ್ಸು. ಆದರೂ ಈ ಮೂರನ್ನು ನೋಡಿದಾಗ ನನಗೆ ಸ್ಮಶಾನ ನೆನಪಾಗುವುದಿಲ್ಲ, ರಾತ್ರಿಯೆಲ್ಲ ಇಸ್ಪೀಟ್ ಆಡಿ ಇನ್ನೂ ಎದ್ದು ಹೋಗದ ಹಟಮಾರಿ ಗೆಳೆಯರು ನೆನಪಾಗುತ್ತಾರೆ. ನಿಮಗೆ ಹಾಗನ್ನಿಸದಿದ್ದರೆ ಅದನ್ನೂ ಬರೆದಿಡಿ.

3. ನಿಜವಾದ ಅಳತೆ ಮಾಡಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಸೈಜು. ಗೋಡೆ ತುಂಬುವ ಚಿತ್ರ, ಅಂಗೈಯಗಲದ ಚಿತ್ರ ಎರಡೂ ಹದಿನೈದು ಇಂಚಿನೊಳಗೆ ಬಂದು ಕೂರುತ್ತವೆ. ಈ ಚಿತ್ರದ ಅಳತೆ 55.2 × 89.5 ಸೆಂಟಿಮೀಟರ್. ಮ್ಯೂಸಿಯಂಗಳು ಸಾಮಾನ್ಯವಾಗಿ ಎತ್ತರವನ್ನು ಮೊದಲು, ಅಗಲವನ್ನು ಆಮೇಲೆ ಬರೆಯುತ್ತವೆ. ಅಂದರೆ ಇದು ಅಡ್ಡವಾಗಿ ಉದ್ದವಿರುವ ಚಿತ್ರ.

ದಿನಪತ್ರಿಕೆಯ ಒಂದು ಹಾಳೆಯನ್ನು ಪೂರ್ತಿ ಬಿಡಿಸಿ ಗೋಡೆಗೆ ಅಂಟಿಸಿ. ಎತ್ತರ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಗಲಕ್ಕೆ ಇನ್ನೊಂದು ಗೇಣು ಸೇರಿಸಬೇಕಾದೀತು. ಟೇಪು ಹಿಡಿದು ಸರಿಮಾಡಿ. ಮಧ್ಯಭಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಲಿ. ಈಗ ಪರದೆಯ ಮೇಲೆ ಒಂದು ಬುರುಡೆ ಚಿತ್ರದ ಎತ್ತರದಲ್ಲಿ ಎಷ್ಟು ಪಾಲು ಹಿಡಿದಿದೆ ನೋಡಿಕೊಂಡು, ಪತ್ರಿಕೆಯ ಮೇಲೆ ಅದೇ ಜಾಗದಲ್ಲಿ ಅದೇ ಪ್ರಮಾಣಕ್ಕೆ ಒಂದು ಸುತ್ತು ಗೀಚಿ. ಮೂರನ್ನೂ ಗೀಚಿ. ನಿಮ್ಮದೇ ತಲೆಯನ್ನು ಅದರ ಪಕ್ಕ ಇಟ್ಟು ನೋಡಿ.

ಗೋಡೆಯ ಮೇಲೆ ಅಷ್ಟು ಹತ್ತಿರದಲ್ಲಿ, ಅಷ್ಟು ದೊಡ್ಡದಾಗಿ ಮೂರು ತಲೆ ಕಂಡಾಗ ಆಗುವ ಅನುಭವ ಫೋನಿನಲ್ಲಿ ಆಗುವುದೇ ಇಲ್ಲ. ಚಿತ್ರದಲ್ಲಿ ಖಾಲಿ ಜಾಗ ಎಷ್ಟು ಕಡಿಮೆ ಅನ್ನುವುದೂ ಆಗಲೇ ಗೊತ್ತಾಗುವುದು.

4. ಗೆರೆ, ಕಪ್ಪು, ಬೆಳಕು

ಈಗ ಚಿತ್ರವನ್ನು ಆದಷ್ಟು ದೊಡ್ಡದು ಮಾಡಿ, ಒಂದೇ ಬುರುಡೆಯ ಅಂಚನ್ನು ಹಿಡಿದು ನಿಧಾನವಾಗಿ ಸುತ್ತಿ ಬನ್ನಿ. ದಪ್ಪ ಕಪ್ಪು ಗೆರೆ ಸಿಗುತ್ತದೆ. ಬೆಕ್‌ಮನ್‌ರನ್ನು ದೂರದಿಂದಲೇ ಗುರುತು ಹಿಡಿಯಲು ಈ ಗೆರೆ ಸಾಕು. ಆ ಗೆರೆ ಎಲ್ಲ ಕಡೆ ಒಂದೇ ದಪ್ಪವಿಲ್ಲ. ಕೆಲವೆಡೆ ಬ್ರಷ್ ಒತ್ತಿ ಹೋಗಿದೆ, ಕೆಲವೆಡೆ ತೆಳುವಾಗಿದೆ. ಬಣ್ಣವೂ ದಪ್ಪ. ಎಣ್ಣೆ ಬಣ್ಣವನ್ನು ನುಣ್ಣಗೆ ಸವರಿ ಬ್ರಷ್ಷಿನ ಗುರುತನ್ನು ಅಳಿಸುವ ಗೋಜಿಗೆ ಅವರು ಹೋಗಿಲ್ಲ. ಕೈ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು ಹಿಂಬಾಲಿಸಬಹುದು.

ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ಹೋದಮೇಲೂ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆಯೇ? ಇಲ್ಲಿ ನಿಲ್ಲುತ್ತದೆ. ಇಡೀ ಕಟ್ಟಡ ನಿಂತಿರುವುದು ಆ ಕಪ್ಪು ಗೆರೆಗಳ ಮೇಲೆ. ಎಷ್ಟೋ ಸುಂದರ ಚಿತ್ರಗಳು ಈ ಪರೀಕ್ಷೆಯಲ್ಲಿ ಬೂದಿ ಬಣ್ಣದ ಮುದ್ದೆಯಾಗಿಬಿಡುತ್ತವೆ.

ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಬೆಳಕಿನದು. ಮೇಣದಬತ್ತಿ ಆರಿದೆ. ಹಾಗಾದರೆ ಬುರುಡೆಗಳ ಮೇಲೆ ಬಿದ್ದಿರುವ ಬೆಳಕು ಎಲ್ಲಿಂದ ಬಂತು? ಚಿತ್ರದೊಳಗೆ ಅದಕ್ಕೆ ಉತ್ತರ ಇದೆಯೋ ಇಲ್ಲವೋ ಹುಡುಕಿ. ನೆರಳುಗಳು ಯಾವ ಕಡೆ ಬಿದ್ದಿವೆ ನೋಡಿ. ಎಲ್ಲವೂ ಒಂದೇ ದೀಪಕ್ಕೆ ಹೊಂದುತ್ತವೆಯೇ ಅಂತ ಲೆಕ್ಕ ಹಾಕಿ. ಇದಕ್ಕೆ ಎರಡು ನಿಮಿಷ ಕೊಡಿ.

5. ಈಗ ಲೇಬಲ್ ಓದಿ

ಮ್ಯೂಸಿಯಂ ಲೇಬಲ್‌ನಲ್ಲಿ ಒಂದು ಸಾಲೂ ಸುಮ್ಮನೆ ಇರುವುದಿಲ್ಲ. ಕಲಾವಿದನ ಹೆಸರಿನ ಮುಂದೆ ‘ಜರ್ಮನ್, 1884–1950’ ಅಂತ ಇರುತ್ತದೆ. ಚಿತ್ರದ ವರ್ಷ 1945. ಕಳೆಯಿರಿ, ಬರೆದಾಗ ಅವರಿಗೆ 61ರ ಆಸುಪಾಸು. ಇನ್ನೈದು ವರ್ಷ ಬದುಕುತ್ತಾರೆ. ಬರೀ ಈ ಮೂರು ಅಂಕಿಗಳಿಂದಲೇ ಅರ್ಧ ಕಥೆ ಹೊರಬೀಳುತ್ತದೆ, ಅಲ್ವಾ?

ಆಮೇಲೆ ‘ಆಯಿಲ್ ಆನ್ ಕ್ಯಾನ್ವಾಸ್’. ಆಮೇಲೆ ಯಾರು ಕೊಟ್ಟಿದ್ದು ಅನ್ನುವ ಸಾಲು, ಈ ಚಿತ್ರ ಒಬ್ಬ ಮಹಿಳೆಯ ಕಾಣಿಕೆ. ಕೊನೆಗೆ ಒಂದು ನಂಬರ್: 67.984. ಇದನ್ನು ಆಕ್ಸೆಷನ್ ನಂಬರ್ ಅನ್ನುತ್ತಾರೆ. ಚುಕ್ಕೆಯ ಹಿಂದಿನ 67 ಅಂದರೆ ಚಿತ್ರ ಮ್ಯೂಸಿಯಂಗೆ ಸೇರಿದ ವರ್ಷ, 1967. ಮುಂದಿನದು ಆ ವರ್ಷದ ಕ್ರಮಸಂಖ್ಯೆ. ಎಲ್ಲ ಮ್ಯೂಸಿಯಂಗಳೂ ಇದೇ ಲೆಕ್ಕ ಇಟ್ಟಿಲ್ಲ, ಆದರೆ ಅಮೆರಿಕದ ಬಹಳಷ್ಟು ಕಡೆ ನಂಬರಿನ ಮೊದಲ ಭಾಗದಲ್ಲಿ ವರ್ಷ ಅಡಗಿರುತ್ತದೆ. ಚಿತ್ರದ ಬಗ್ಗೆ ಮ್ಯೂಸಿಯಂಗೆ ಇಮೇಲ್ ಬರೆಯುವುದಾದರೆ ಹೆಸರಿನ ಜೊತೆ ಈ ನಂಬರ್ ಹಾಕಿ. ‘ಸ್ಟಿಲ್ ಲೈಫ್’ ಅನ್ನುವ ಹೆಸರಿನ ಚಿತ್ರಗಳು ಒಂದು ದೊಡ್ಡ ಮ್ಯೂಸಿಯಂನಲ್ಲಿ ರಾಶಿ ಇರುತ್ತವೆ.

6. ಮುನ್ನೂರು ವರ್ಷ ಹಿಂದಿನದರ ಪಕ್ಕ ಇಡಿ

ಹೊಸ ಟ್ಯಾಬ್ ತೆರೆದು ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನ ತಾಣಕ್ಕೆ ಹೋಗಿ. ಪೀಟರ್ ಕ್ಲಾಸ್ ಎಂಬ ಡಚ್ ಕಲಾವಿದ 1630ರಲ್ಲಿ ಬರೆದ ‘ವ್ಯಾನಿಟಾಸ್ ಸ್ಟಿಲ್ ಲೈಫ್’ ಹುಡುಕಿ (ವ್ಯಾನಿಟಾಸ್ ಅಂದರೆ ಲ್ಯಾಟಿನ್‌ನಲ್ಲಿ ವ್ಯರ್ಥ). ಪುಸ್ತಕಗಳ ಮೇಲೆ ಬುರುಡೆ, ಒಂದು ಮೂಳೆ, ಮಗುಚಿ ಬಿದ್ದ ಗಾಜಿನ ಲೋಟ, ಗಡಿಯಾರ, ಆರಿದ ದೀಪ. ಬೆಕ್‌ಮನ್ ಚಿತ್ರಕ್ಕೆ ಇದು ಅಜ್ಜ.

ಹದಿನೇಳನೇ ಶತಮಾನದ ಹಾಲೆಂಡಿನಲ್ಲಿ ಈ ಬಗೆಯ ಚಿತ್ರಗಳಿಗೆ ಒಳ್ಳೆಯ ಗಿರಾಕಿ ಇತ್ತು. ಎಲ್ಲವೂ ವ್ಯರ್ಥ ಅನ್ನುವ ಬೈಬಲ್ಲಿನ ಪ್ರಸಂಗಿಯ ಮಾತೇ ಅವುಗಳ ಬೇರು. ಬುರುಡೆ ಅಂದರೆ ಸಾವು, ಗಡಿಯಾರ ಅಂದರೆ ಓಡುವ ಕಾಲ, ಇಸ್ಪೀಟ್ ಅಂದರೆ ಜೂಜು ಮತ್ತು ಅದೃಷ್ಟ. ದುಡ್ಡು ಮಾಡಿಕೊಂಡ ವ್ಯಾಪಾರಿಗಳು, ದುಡ್ಡು ನಿಲ್ಲುವುದಿಲ್ಲ ಅಂತ ಹೇಳುವ ಚಿತ್ರವನ್ನು ದುಡ್ಡು ಕೊಟ್ಟು ಕೊಂಡು ಗೋಡೆಗೆ ಹಾಕುತ್ತಿದ್ದರು!

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ವ್ಯತ್ಯಾಸ ಬರೆಯಿರಿ. ಕ್ಲಾಸ್ ಚಿತ್ರದಲ್ಲಿ ಕಂದು, ಬೂದು ಬಣ್ಣಗಳು. ಮೇಲ್ಮೈ ನುಣ್ಣಗಿದೆ, ಲೋಟದ ಮೇಲಿನ ಕಿಟಕಿಯ ಹೊಳಪು ಕೂಡ ಕಾಣುತ್ತದೆ. ಸಾಮಾನುಗಳಿಗೆ ಉಸಿರಾಡಲು ಜಾಗವಿದೆ. ಒಂದೇ ಬುರುಡೆ ಸಾಕಾಗಿದೆ, ಅದು ಪಾಠ ಹೇಳುತ್ತಿದೆ. ಬೆಕ್‌ಮನ್‌ರಲ್ಲಿ ಮೂರು. ಒಂದಿದ್ದರೆ ಅದು ‘ಸಾವು’ ಅನ್ನುವ ಸಂಕೇತ. ಮೂರು ಸೇರಿದರೆ ಗುಂಪು. ಗುಂಪಿನೊಳಗೆ ಒಬ್ಬರಿಗೊಬ್ಬರು ಏನೋ ಆಗಿರುತ್ತಾರೆ. ಸಂಕೇತವಾಗಿದ್ದದ್ದು ಪಾತ್ರವಾಗಿಬಿಡುತ್ತದೆ. ನಾನಾದರೆ ಇಡೀ ಚಿತ್ರದ ಕೀಲಿ ಇಲ್ಲೇ ಇದೆ ಅಂತೀನಿ.

7. ಕೊನೆಗೆ, ಕಾಲದ ಕಥೆ

ಈಗ ಇತಿಹಾಸ ಓದಬಹುದು. ಓದುವಾಗ ಚಿತ್ರ ಎದುರಿಗೇ ಇರಲಿ.

ಬೆಕ್‌ಮನ್ ಹುಟ್ಟಿದ್ದು ಲೈಪ್‌ಸಿಗ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ವೈದ್ಯಕೀಯ ಸಹಾಯಕರಾಗಿ ಸೇವೆಗೆ ಸೇರಿದರು. ಬೆಲ್ಜಿಯಂನ ಫ್ಲಾಂಡರ್ಸ್ ಕಡೆ ಗಾಯಾಳುಗಳನ್ನೂ ಹೆಣಗಳನ್ನೂ ನೋಡಿ ನೋಡಿ 1915ರಲ್ಲಿ ಮಾನಸಿಕವಾಗಿ ಕುಸಿದರು. ಆಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ನೆಲೆಸಿ, ಅಲ್ಲಿನ ಕಲಾಶಾಲೆಯಲ್ಲಿ 1925ರಿಂದ ಪಾಠ ಹೇಳಿದರು. ಜರ್ಮನಿಯ ದೊಡ್ಡ ಹೆಸರುಗಳಲ್ಲಿ ಒಬ್ಬರಾದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದದ್ದೇ ಕೆಲಸ ಹೋಯಿತು.

1937ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ಎರಡು ಪ್ರದರ್ಶನಗಳು ಒಂದರ ಬೆನ್ನಿಗೊಂದು ತೆರೆದವು. ಜುಲೈ 18ರಂದು ನಾಜಿಗಳಿಗೆ ಒಪ್ಪಿಗೆಯಾದ ‘ಮಹಾನ್ ಜರ್ಮನ್ ಕಲೆ’ಯ ಪ್ರದರ್ಶನ, ಹಿಟ್ಲರನ ಭಾಷಣದೊಂದಿಗೆ. ಮರುದಿನ ‘ಕುಲಗೆಟ್ಟ ಕಲೆ’ ಪ್ರದರ್ಶನ. ಮ್ಯೂಸಿಯಂಗಳಿಂದ ಕಿತ್ತು ತಂದ ಆಧುನಿಕ ಚಿತ್ರಗಳನ್ನು ಇಕ್ಕಟ್ಟಾಗಿ ನೇತುಹಾಕಿ, ಗೋಡೆಯ ಮೇಲೆ ಹೀಯಾಳಿಸುವ ಮಾತು ಬರೆದು ಜನರಿಗೆ ತೋರಿಸಿದರು. ಬೆಕ್‌ಮನ್ ಚಿತ್ರಗಳೂ ಅದರಲ್ಲಿದ್ದವು. ಜರ್ಮನ್ ಮ್ಯೂಸಿಯಂಗಳಿಂದ ಅವರ 500ಕ್ಕೂ ಹೆಚ್ಚು ಕೃತಿಗಳನ್ನು ವಶಪಡಿಸಿಕೊಳ್ಳಲಾಯಿತು. ಜುಲೈ 18ರ ಭಾಷಣದ ಮರುದಿನವೇ ಬೆಕ್‌ಮನ್ ಮತ್ತು ಹೆಂಡತಿ ಕ್ವಾಪಿ ಆಮ್‌ಸ್ಟರ್‌ಡ್ಯಾಮಿಗೆ ಹೊರಟುಬಿಟ್ಟರು. ಮತ್ತೆ ಅವರು ಜರ್ಮನಿಯ ನೆಲ ತುಳಿಯಲಿಲ್ಲ.

ಆಮ್‌ಸ್ಟರ್‌ಡ್ಯಾಮಿನ ರೋಕಿನ್ ರಸ್ತೆಯಲ್ಲಿ, ಹಿಂದೆ ತಂಬಾಕು ದಾಸ್ತಾನು ಮಾಡುತ್ತಿದ್ದ ಜಾಗವೇ ಸ್ಟುಡಿಯೋ ಆಯಿತು. ಅಮೆರಿಕಕ್ಕೆ ಹೋಗುವ ಪ್ರಯತ್ನ ನಡೆದಿತ್ತು, ಅಷ್ಟರಲ್ಲಿ 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. ಬಿಟ್ಟು ಓಡಿಬಂದಿದ್ದು ಬೆನ್ನಟ್ಟಿ ಬಂದ ಹಾಗಾಯಿತು. 1944ರಲ್ಲಿ, 60ನೇ ವಯಸ್ಸಿನಲ್ಲಿ, ಅವರನ್ನು ಸೈನ್ಯಕ್ಕೆ ಕರೆದರು. ಆರೋಗ್ಯ ಸರಿಯಿಲ್ಲ ಅಂತ ಬಿಟ್ಟರು.

1944–45ರ ಚಳಿಗಾಲವನ್ನು ಡಚ್ಚರು ಇವತ್ತಿಗೂ ‘ಹಸಿವಿನ ಚಳಿಗಾಲ’ ಅನ್ನುತ್ತಾರೆ. ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದ್ದಕ್ಕೆ ಸೇಡಾಗಿ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದರು. ಸುಮಾರು 20,000 ಜನ ಸತ್ತರು. ಟುಲಿಪ್ ಗೆಡ್ಡೆ ಬೇಯಿಸಿ ತಿಂದರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಅಕ್ಟೋಬರ್‌ನಲ್ಲೇ ಮನೆಗಳಿಗೆ ಕರೆಂಟ್ ನಿಂತಿತು, ಗ್ಯಾಸ್ ನಿಂತಿತು. ಮೇ 5ರಂದು ಬಿಡುಗಡೆ ಬಂತು. ನಮ್ಮ ಚಿತ್ರ ಈ ಯುದ್ಧದ ಕೊನೆಯ ತಿಂಗಳುಗಳದ್ದು.

ಈಗ ಮೇಣದಬತ್ತಿಯನ್ನು ಇನ್ನೊಮ್ಮೆ ನೋಡಿ. ಆರಿದ ಬತ್ತಿ ಅಂದರೆ ಮುಗಿದ ಬದುಕು ಅಂತ ಕಲಾ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಸರಿ. ಆದರೆ ಕರೆಂಟ್ ಇಲ್ಲದ ಊರಿನಲ್ಲಿ, ಕತ್ತಲು ಬೇಗ ಬೀಳುವ ಚಳಿಗಾಲದಲ್ಲಿ, ಮೇಣದಬತ್ತಿ ಅಂದರೆ ಮೊದಲು ಮೇಣದಬತ್ತಿಯೇ. ಉಳಿಸಿ ಉಳಿಸಿ ಉರಿಸಬೇಕಾದ ಸಾಮಾನು. ಇಸ್ಪೀಟ್ ಎಲೆಯೂ ಹಾಗೇ. ಡಚ್ ಅಜ್ಜನಿಗೆ ಅದು ಪಾಪದ ಗುರುತು, ಇಲ್ಲಿ ಹೊರಗೆ ಹೋಗಲಾಗದ ಸಂಜೆಗಳಲ್ಲಿ ಹೊತ್ತು ಕಳೆಯುವ ವಸ್ತು ಕೂಡ. ಬುರುಡೆ ಕೂಡ ಹೊರಗೆ ನಡೆಯುತ್ತಿದ್ದದ್ದಕ್ಕೆ ತೀರ ದೂರದ್ದೇನಲ್ಲ. ಮುನ್ನೂರು ವರ್ಷದಿಂದ ಸವೆದುಹೋಗಿದ್ದ ಸಂಕೇತಗಳು ಆ ಚಳಿಗಾಲದಲ್ಲಿ ಮತ್ತೆ ಬರೀ ವಸ್ತುಗಳಾದವು. ಅದಕ್ಕೇ ಚಿತ್ರಕ್ಕೆ ಈ ಕಸುವು ಅನ್ನುವುದು ನನ್ನ ಓದು.

ಆ ವರ್ಷಗಳು ನಿಜಕ್ಕೂ ವಿಕಾರವಾಗಿದ್ದವು ಅಂತ ಬೆಕ್‌ಮನ್ ಆಮೇಲೆ ಹೇಳಿದ್ದಾರೆ. ಏನೇನು ತುಂಬಿತ್ತು ಅಂತ ಅವರು ಕೊಡುವ ಪಟ್ಟಿಯಲ್ಲಿ ನಾಜಿಗಳ ಕಾಟ, ಬಾಂಬು, ಹಸಿವು ಎಲ್ಲ ಇವೆ. ಆದರೆ ಮೊದಲು ಬರುವುದು ಕೆಲಸ. ಹತ್ತು ವರ್ಷದ ಆ ವನವಾಸದಲ್ಲಿ ಅವರು ಬರೆದದ್ದು ಅವರ ಜೀವಮಾನದ ಎಣ್ಣೆಚಿತ್ರಗಳಲ್ಲಿ ಸುಮಾರು ಮೂರನೇ ಒಂದು ಭಾಗ. ಬುರುಡೆಗಳು ಸೋತವರ ಹಾಗೆ ಕಾಣದಿರುವುದಕ್ಕೆ ಇದೂ ಒಂದು ಕಾರಣ ಇದ್ದೀತು.

8. ಚಿತ್ರ ಯಾರ ಕೈಯಿಂದ ಯಾರ ಕೈಗೆ ಹೋಯಿತು?

ಆ ಕಾಲದ ಯುರೋಪಿನ ಯಾವುದೇ ಚಿತ್ರ ನೋಡುವಾಗಲೂ ಈ ಹಂತ ಬಿಡಬೇಡಿ. ಮ್ಯೂಸಿಯಂ ಪುಟದ ಕೆಳಭಾಗದಲ್ಲಿ ‘ಪ್ರಾವೆನೆನ್ಸ್’ ಅಂತ ಒಂದು ಭಾಗ ಇರುತ್ತದೆ. ಒಡೆತನದ ಸರಪಳಿ ಅದು. ಒತ್ತಿ ತೆರೆದರೆ ಹೆಸರು, ವರ್ಷ, ಊರು ಸಾಲಾಗಿ ಬರುತ್ತವೆ. ಅದರಲ್ಲಿ ವಿರಾಮ ಚಿಹ್ನೆಗಳೂ ಮಾತಾಡುತ್ತವೆ. ಅಮೆರಿಕದ ಬಹುತೇಕ ಮ್ಯೂಸಿಯಂಗಳ ರೂಢಿಯಲ್ಲಿ, ಎರಡು ಹೆಸರುಗಳ ನಡುವೆ ಅರ್ಧವಿರಾಮ ಇದ್ದರೆ ಚಿತ್ರ ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಹೋಗಿದೆ ಎಂದರ್ಥ. ಪೂರ್ಣವಿರಾಮ ಇದ್ದರೆ ನಡುವೆ ಏನಾಯಿತು ಅನ್ನುವುದು ಗೊತ್ತಿಲ್ಲ. ‘ಬೈ 1938’ ಅಂತ ಇದ್ದರೆ 1938ರ ಹೊತ್ತಿಗಾಗಲೇ ಅವರ ಬಳಿ ಇತ್ತು, ಯಾವಾಗ ಬಂತು ಅಂತ ದಾಖಲೆ ಇಲ್ಲ. 1933ರಿಂದ 1945ರ ನಡುವೆ ಪೂರ್ಣವಿರಾಮ ಕಂಡರೆ ಅಲ್ಲಿ ನಿಲ್ಲಿ. ಯಹೂದಿಗಳಿಂದ ಕಿತ್ತುಕೊಂಡ, ಅಥವಾ ಅವರು ಪ್ರಾಣಭಯದಿಂದ ಮೂರು ಕಾಸಿಗೆ ಮಾರಿದ ಎಷ್ಟೋ ಚಿತ್ರಗಳು ಇಂಥ ಬಿರುಕುಗಳಲ್ಲೇ ಕಣ್ಮರೆಯಾಗಿವೆ. 1998ರಲ್ಲಿ 44 ದೇಶಗಳು ವಾಷಿಂಗ್ಟನ್‌ನಲ್ಲಿ ಸೇರಿ, ಅಂಥವನ್ನು ಪತ್ತೆಹಚ್ಚಿ ನ್ಯಾಯ ಒದಗಿಸಬೇಕು ಅಂತ ಒಪ್ಪಿಕೊಂಡ ಮೇಲೆ ಈ ಹುಡುಕಾಟಕ್ಕೆ ವೇಗ ಬಂತು.

ಕಲಾವಿದ ಯುದ್ಧ ಮುಗಿಯುವ ಹೊತ್ತಿಗೆ ಬರೆದ ಚಿತ್ರಕ್ಕೆ ಆ ತಲೆನೋವು ಕಮ್ಮಿ. ಆದರೆ ಬೆಕ್‌ಮನ್ ಕಥೆಯಲ್ಲಿ ಬೇರೊಂದು ಗೋಜಲಿದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಅವರಿಗೆ ನೆರವಾದವರಲ್ಲಿ ಎರ್ಹಾರ್ಟ್ ಗೋಪೆಲ್ ಎಂಬ ಕಲಾ ಇತಿಹಾಸಕಾರ ಒಬ್ಬ. ಆಸ್ಟ್ರಿಯಾದ ಲಿನ್ಸ್ ಊರಿನಲ್ಲಿ ಹಿಟ್ಲರ್ ಕಟ್ಟಬೇಕೆಂದಿದ್ದ ಮ್ಯೂಸಿಯಂಗೆ ಚಿತ್ರ ಕೂಡಿಹಾಕುವುದೇ ಅವನ ಹುದ್ದೆ. ಒಂದು ಕೈಯಿಂದ ಆ ಕೆಲಸ, ಇನ್ನೊಂದು ಕೈಯಿಂದ ಹಿಟ್ಲರ್ ‘ಕುಲಗೆಟ್ಟವ’ ಅಂದ ಕಲಾವಿದನಿಗೆ ಸಹಾಯ. ಯುದ್ಧದ ನಂತರ ಗೋಪೆಲ್ ಮತ್ತು ಅವನ ಹೆಂಡತಿ ಬಾರ್ಬರಾ ಸೇರಿ ತಯಾರಿಸಿದ ಬೆಕ್‌ಮನ್ ಚಿತ್ರಗಳ ಪೂರ್ತಿ ಪಟ್ಟಿ 1976ರಲ್ಲಿ ಪ್ರಕಟವಾಯಿತು. ಇವತ್ತಿಗೂ ಬೆಕ್‌ಮನ್ ಚಿತ್ರಗಳನ್ನು ‘ಗೋಪೆಲ್ ನಂಬರ್’ ಹಾಕಿಯೇ ಗುರುತಿಸುತ್ತಾರೆ. ಒಳ್ಳೆಯವನೋ ಕೆಟ್ಟವನೋ ಅಂತ ಒಂದೇ ಮಾತಲ್ಲಿ ತೀರ್ಮಾನ ಕೊಡಲು ಹೋದರೆ ಸಿಕ್ಕಿಬೀಳುತ್ತೀರಿ. ಆ ಪಟ್ಟಿಯನ್ನು ತಿದ್ದಿ ಬೆಳೆಸಿದ ಹೊಸ ರೂಪ 2021ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಜರ್ಮನ್ ಬಾರದವರು ಬ್ರೌಸರಿನ ಅನುವಾದ ಬಳಸಬಹುದು.

9. ಅದೇ ಕೈಯ ಇನ್ನೊಂದೆರಡು

ಒಂದೇ ಚಿತ್ರ ನೋಡಿ ಕಲಾವಿದನ ಬಗ್ಗೆ ಮಾತಾಡಬೇಡಿ. ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿ ಬೆಕ್‌ಮನ್ 1929ರಲ್ಲಿ ಬರೆದ ‘ಬಿದ್ದ ಮೇಣದಬತ್ತಿಗಳಿರುವ ಸ್ಟಿಲ್ ಲೈಫ್’ ಇದೆ. ಅಂದರೆ ಹಿಟ್ಲರ್ ಬರುವ ಮುಂಚೆಯೇ ಮೇಣದಬತ್ತಿ ಅವರ ಮೇಜಿನ ಮೇಲಿತ್ತು. ಏಳನೇ ಹಂತದಲ್ಲಿ ನಾನು ಹೇಳಿದ ಕರೆಂಟ್ ಇಲ್ಲದ ಊರಿನ ಮಾತನ್ನು ಈ ಚಿತ್ರದ ಎದುರು ನಿಲ್ಲಿಸಿ, ಎಷ್ಟು ಗಟ್ಟಿ ಅಂತ ನೀವೇ ತೂಗಿ ನೋಡಿ. ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಮ್ಯೂಸಿಯಂನಲ್ಲಿ 1926ರ ‘ಸ್ಯಾಕ್ಸೊಫೋನ್‌ಗಳಿರುವ ಸ್ಟಿಲ್ ಲೈಫ್’ ಇದೆ, ಅದರಲ್ಲಿ ಮೂಡೇ ಬೇರೆ. ಅವರ ಚಿತ್ರಗಳ ಅತಿ ದೊಡ್ಡ ಸಂಗ್ರಹ ಬೇಕಾದರೆ ಸೇಂಟ್ ಲೂಯಿಸ್ ಆರ್ಟ್ ಮ್ಯೂಸಿಯಂ. 1947ರಲ್ಲಿ ಅವರು ಪಾಠ ಹೇಳಲು ಅಮೆರಿಕಕ್ಕೆ ಬಂದದ್ದು ಆ ಊರಿಗೇ.

10. ಹಂಚಿಕೊಳ್ಳುವ ಮುನ್ನ

ಭಾರತದ ಕಾನೂನಿನಲ್ಲಿ ಕಲಾವಿದ ಸತ್ತ ವರ್ಷದ ನಂತರ 60 ವರ್ಷ ಕಾಪಿರೈಟ್ ಇರುತ್ತದೆ. ಬೆಕ್‌ಮನ್ ತೀರಿಕೊಂಡಿದ್ದು 1950ರ ಡಿಸೆಂಬರ್ 27ರಂದು. ಹಾಗಾಗಿ ನಮ್ಮಲ್ಲಿ 2010ರ ಕೊನೆಗೆ ಮುಗಿದಿದೆ. ಜರ್ಮನಿಯಲ್ಲಿ 70 ವರ್ಷ, 2020ರ ಕೊನೆಗೆ ಮುಗಿಯಿತು. ಅಮೆರಿಕದ ಲೆಕ್ಕ ಬೇರೆ. ಜೊತೆಗೆ ಮ್ಯೂಸಿಯಂ ತನ್ನ ಫೋಟೋಗೆ ತನ್ನದೇ ಷರತ್ತು ಹಾಕಿರಬಹುದು, ಅದನ್ನು ಓದಿ. ಕ್ಲಾಸಿನಲ್ಲಿ ಮಕ್ಕಳಿಗೆ ತೋರಿಸುವುದಕ್ಕೂ ಪುಸ್ತಕದ ಮುಖಪುಟಕ್ಕೆ ಹಾಕುವುದಕ್ಕೂ ವ್ಯತ್ಯಾಸವಿದೆ. ಮುಖಪುಟಕ್ಕಾದರೆ ಅನುಮತಿ ಕೇಳಿ ಬರೆಯಿರಿ, ಆಕ್ಸೆಷನ್ ನಂಬರ್ ಮರೆಯಬೇಡಿ.

11. ಬೋಸ್ಟನ್ ಕಡೆ ಇರುವವರಿಗೆ

ಹೊರಡುವ ಮುಂಚೆ ಮ್ಯೂಸಿಯಂ ತಾಣದಲ್ಲಿ ಚಿತ್ರ ‘ಆನ್ ವ್ಯೂ’ ಇದೆಯೇ ನೋಡಿ. ದೊಡ್ಡ ಮ್ಯೂಸಿಯಂಗಳು ಯಾವುದೇ ಹೊತ್ತಿನಲ್ಲಿ ಹೊರಗೆ ಇಡುವುದು ಸಂಗ್ರಹದ ಚಿಕ್ಕ ಪಾಲು ಮಾತ್ರ, ಉಳಿದದ್ದು ಉಗ್ರಾಣದಲ್ಲಿ. ಊರಿನ ಲೋಕಲ್ ರೈಲಿನ ಗ್ರೀನ್ ಲೈನ್‌ನ ಇ ಶಾಖೆಯಲ್ಲಿ ಮ್ಯೂಸಿಯಂ ಹೆಸರಿನದೇ ಸ್ಟಾಪ್ ಇದೆ. ಫ್ಲ್ಯಾಶ್ ಹಾಕುವಂತಿಲ್ಲ. ಚಿತ್ರದ ಎದುರು ಮೊದಲು ದೂರ ನಿಲ್ಲಿ, ಆಮೇಲೆ ಹತ್ತಿರ ಹೋಗಿ, ಆಮೇಲೆ ಬದಿಯಿಂದ ನೋಡಿ. ಬಣ್ಣದ ದಪ್ಪ ಬದಿಯಿಂದಲೇ ಚೆನ್ನಾಗಿ ಕಾಣುವುದು, ಪರದೆಯ ಮೇಲೆ ಎಷ್ಟು ದೊಡ್ಡದು ಮಾಡಿದರೂ ಅದು ಸಿಗುವುದಿಲ್ಲ. ಹೇಗೂ ಹೋಗಿರುತ್ತೀರಿ, ಅಲ್ಲಿನ ಭಾರತೀಯ ಕಲೆಯ ವಿಭಾಗವನ್ನೂ ನೋಡಿ ಬನ್ನಿ. ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ 1917ರಿಂದ ಕೊನೆಯವರೆಗೂ ಕೆಲಸ ಮಾಡಿದ ಮ್ಯೂಸಿಯಂ ಇದೇ.

ಅರ್ಧ ದಿನ ಉಳಿದರೆ ನದಿ ದಾಟಿ ಕೇಂಬ್ರಿಡ್ಜ್‌ಗೆ ಹೋಗಿ. ಹಾರ್ವರ್ಡ್ ಆರ್ಟ್ ಮ್ಯೂಸಿಯಮ್ಸ್‌ಗೆ ಟಿಕೆಟ್ ಇಲ್ಲ. ಅದರ ಬುಷ್-ರೈಸಿಂಗರ್ ವಿಭಾಗ ಇರುವುದೇ ಜರ್ಮನ್ ಭಾಷಿಕ ನಾಡುಗಳ ಕಲೆಗೆ. ಬೆಕ್‌ಮನ್ 1927ರಲ್ಲಿ ಬರೆದುಕೊಂಡ ತಮ್ಮದೇ ಚಿತ್ರ ಅಲ್ಲಿದೆ. ಟಕ್ಸೀಡೊ ತೊಟ್ಟು, ಕೈಯಲ್ಲಿ ಸಿಗರೇಟ್ ಹಿಡಿದು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ. ಬರ್ಲಿನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದ್ದ ಈ ಚಿತ್ರವನ್ನು ನಾಜಿಗಳು ವಶಪಡಿಸಿಕೊಂಡಿದ್ದರು. 1941ರಲ್ಲಿ ಹಾರ್ವರ್ಡ್ ಪಾಲಾಯಿತು. ಎಂಟನೇ ಹಂತವನ್ನು ಇದರ ಮೇಲೆ ಇನ್ನೊಮ್ಮೆ ಮಾಡಿ, ಸರಪಳಿ ಹೇಗೆ ಬರೆದಿದ್ದಾರೆ ನೋಡಿ. ಬೋಸ್ಟನ್ನಿನ ಮ್ಯೂಸಿಯಂಗೆ ಮಂಗಳವಾರ ರಜೆ, ಹಾರ್ವರ್ಡ್‌ಗೆ ಸೋಮವಾರ. ಎರಡನ್ನೂ ಒಂದೇ ದಿನ ಮುಗಿಸುವವರು ಬುಧವಾರದಿಂದ ಭಾನುವಾರದೊಳಗೆ ಹೋಗಿ, ಎರಡೂ ಕಡೆ ಬಾಗಿಲು ಹಾಕುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ.